ಹೊಟ್ಟೆ ತುಂಬದ ಕೌದಿ

"ಕೈ ಕೊಡ್ರಿ, ಹಲಗಿ ಜಾರತೈತಿ."

ಆ ದನಿ ಕೇಳಿ ನಾಗರತ್ನಾ ಹಲಗೆಯ ಮುಂದೆಯೇ ನಿಂತುಬಿಟ್ಟಳು. ಐದು ವರ್ಷ! ಮುನವಳ್ಳಿಗೆ ದಾಟಿಸುವ ಬೋಟಿನಲ್ಲಿ ಇವನೇ ಇರಬೇಕೇ... ಶಿವನೇ!

ಬೋಟು ನಡೆಸುವ ನಿಂಗರಾಜನೂ ಗುರುತು ಹಿಡಿದ. ಚಾಚಿದ ಕೈ ಹಿಂದೆಳೆದುಕೊಂಡ. ಅವಳು ತಾನೇ ಹತ್ತಿ, ಬೆನ್ನು ಮಾಡಿ ಕುಳಿತಳು.

ತೊಂಬತ್ತೆರಡರಲ್ಲಿ ಇಬ್ಬರ ಮದುವೆ ಗೊತ್ತಾಗಿತ್ತು. ಆಮೇಲೆ ಅವನ ಮನೆಯವರು ಮಾತನ್ನೇ ನಿಲ್ಲಿಸಿಬಿಟ್ಟರು. ಯಾಕೆ? ಯಾರೂ ಹೇಳಲಿಲ್ಲ. ಅವಳು ತನ್ನೂರು ನೇಸರಗಿ ಬಿಟ್ಟು, ಹಿನ್ನೀರಿನ ಈಚೆ ದಂಡೆಯ ಹಳ್ಳಿಯಲ್ಲಿ ಅಂಗನವಾಡಿ ಸೇರಿಕೊಂಡಳು.

"ಯಾಕ ಬಾಯಾರ, ಮಾರಿ ಹಿಂಗ್ಯಾಕ? ಮಾವನ ಮನಿಗೆ ಹೊಂಟೀರೋ, ಕೋರ್ಟಿಗೋ?" ಜೊತೆಗೆ ಹತ್ತಿದ್ದ ಮುದುಕಿ ಬಾಯವ್ವ ಕೇಳಿದಳು.

"ಮುನವಳ್ಳ್ಯಾಗ ಸೋದರಮಾವನ ಮನಿಗೆ ಕನ್ಯಾ ನೋಡಾಕ ಬರತಾರ, ಆಯಿ. ರಾಮದುರ್ಗದವ್ರು. ಗಂಡಿನ ಮೊದಲ ಹೇಂತಿ ಸತ್ತಾಳಂತ. ಇವತ್ತ ಹೂಂ ಅಂದು ಮುಗಸ್ತೇನಿ."

ಅವನಿಗೆ ಕೇಳಲೆಂದೇ ಗಟ್ಟಿಯಾಗಿ ಹೇಳಿದ್ದಳು.

"ಚೊಲೋ ಆತು," ಅಂದ ನಿಂಗರಾಜ, ನೀರಿಗೆ ಹೇಳುವಂತೆ.

ಶ್ರಾವಣದ ಮೋಡ ನೀರಿನವರೆಗೂ ಇಳಿದಿತ್ತು. ನಡುನೀರಿಗೆ ಬಂದಾಗ... ಕಟಕ್! ಮಷಿನ್ ಅರಚಿತು, ಬೋಟು ಮಾತ್ರ ಮುಂದೆ ಹೋಗಲಿಲ್ಲ.

"ನೀರಾಗಿನ ಪಂಕಾದ ರಾಡು ಮುರಿತು!" ನಿಂಗರಾಜ ಕೂಗಿದ.

ಗಾಳಿ ಬೋಟನ್ನು ಅಡ್ಡಡ್ಡ ನೂಕತೊಡಗಿತು. ಎಡಕ್ಕೆ, ಮುಳುಗಿದ ಜಾಲಿಗಿಡಗಳ ಒಣ ಮೊನೆಗಳು ನೀರಿನಿಂದ ತಲೆ ಎತ್ತಿ ನಿಂತಿದ್ದವು. ಅವುಗಳಿಗೆ ಬಡಿದರೆ ಹಲಗೆ ಉಳಿಯುವುದಿಲ್ಲ!

ನಿಂಗರಾಜ ಬಿದಿರಿನ ಗಳ ನಿಲ್ಲಿಸಿ, ಹಾಯಿಯಂತೆ ತಾಡಪತ್ರಿ ಕಟ್ಟಿದ. ಹಳೆಯದು, ಪರ್ರನೆ ಹರಿಯಿತು. ಒಂದು ಕ್ಷಣ ತಡೆದು, ಹಲಗೆಯಡಿಯಿಂದ ಪ್ಲಾಸ್ಟಿಕ್‌ನಲ್ಲಿ ಸುತ್ತಿದ ಗಂಟೊಂದನ್ನು ಎಳೆದ.

ಕೌದಿ!

ತನ್ನ ಅವ್ವನ ಇಳಕಲ್ ಸೀರೆಯ ಕೆಂಪು ತುಂಡುಗಳು... ಮದುವೆ ಗೊತ್ತಾದ ತಿಂಗಳು ತಾನೇ ಹೊದಿಕೆಯಾಗಿ ಹೊಲಿದು ಅವನ ಮನೆಗೆ ಕಳಿಸಿದ್ದು! ನಡುವಿನ ಅಂಗೈಯಗಲದ ತುಂಡು, ಕೌದಿಯ ಹೊಟ್ಟೆ, ಒಂದು ಬದಿ ಇನ್ನೂ ಬಿಚ್ಚಿಕೊಂಡೇ ಇತ್ತು.

"ಗಾಳಿ ಇದರಾಗ ಹೊಕ್ರ ಇದೂ ಹರೀತೈತಿ. ದಬ್ಬಣ ಐತೇನ್ರಿ?"

ನಿಂಗರಾಜ ಚೀಲ ಹೊಲಿಯುವ ದಬ್ಬಣ, ಸುತಳಿ ಕೊಟ್ಟ. ಅವಳು ಚುಚ್ಚಲು ಹೋಗಿ ನಿಂತಳು.

"ನಿಮ್ಮ ಬುತ್ತಿ ಎಲ್ಲೈತಿ?"

"ಜಾಲಿ ಅಲ್ಲೇ ಐತಿ, ಈಗ ಬುತ್ತಿ ಕೇಳತೀಯಲ್ಲ!"

"ಕೌದಿದು ಹಸದ ಹೊಟ್ಟಿ ಮುಚ್ಚಬಾರದ್ರಿ, ಒಳಗ ಒಂದು ತುತ್ತು ಇಡಬೇಕು!"

ಬಾಯವ್ವ ತಾನೇ ಅವನ ಬುತ್ತಿ ಬಿಚ್ಚಿ ರೊಟ್ಟಿಯ ಚೂರು ಮುರಿದುಕೊಟ್ಟಳು. ನಾಗರತ್ನಾ ಅದನ್ನು ಹೊಟ್ಟೆಯೊಳಗಿಟ್ಟು ಹೊಲಿಯತೊಡಗಿದಳು. ನಿಂಗರಾಜ ಬಟ್ಟೆ ಬಿಗಿಹಿಡಿದು ನೋಡುತ್ತಿದ್ದ.

"ಇಷ್ಟು ಗೊತ್ತಿದ್ದಾಕಿ... ಆವಾಗ ಯಾಕ ಹಸದದ್ದು ಕಳಿಸಿದಿ?"

"ನೇಸರಗ್ಯಾಗ ಗಂಡಿನ ಮನಿ ಒಲಿ ಮ್ಯಾಗಿನ ತುತ್ತಿಲೇ ಅದನ್ನ ತುಂಬತಾರ್ರಿ. ನಿಮ್ಮವ್ವ ತುಂಬಿ ಹೊಲೀಲಿ ಅಂತ ಬಿಟ್ಟಿದ್ದೆ..."

ನಿಂಗರಾಜನ ಮುಖ ಬೂದಿಯಾಯಿತು.

"ನಮ್ಮಲ್ಲಿ ಹಸದ ಕೌದಿ ಬಂತಂದ್ರ ಸಂಬಂಧ ಬ್ಯಾಡ ಅಂದಂಗ, ನಾಗರತ್ನಾ!"

ದಬ್ಬಣ ಅವಳ ಬೆರಳಿಗೆ ಚುಚ್ಚಿತು. ಅಷ್ಟಕ್ಕೇ? ಇಷ್ಟು ವರ್ಷದ ಕಣ್ಣೀರು ಅಷ್ಟಕ್ಕೇ? ಅಳಲೂ ಹೊತ್ತಿರಲಿಲ್ಲ. ಗಂಟು ಹಾಕಿದಳು.

ಇಬ್ಬರೂ ಸೇರಿ ಕೌದಿ ಏರಿಸಿದರು. ಗಾಳಿ ತುಂಬಿತು... ಹೊಲಿಗೆ ತಡೆಯಿತು! ನಿಂಗರಾಜ ಚುಕ್ಕಾಣಿ ಒತ್ತಿದ. ಒಂದು ಮೊನೆ ಬೋಟಿನ ಪಕ್ಕೆ ಕೆರೆದು ಹಿಂದೆ ಸರಿಯಿತು.

ಮುನವಳ್ಳಿಯಿಂದ ತುಸು ದೂರದ ಕೆಸರು ದಂಡೆಗೆ ಬೋಟು ಹತ್ತಿತು.

"ನಾ ಮುಂದ ನಡೀತೇನಿ. ನನಗ ಕಿವಿ ಕೇಳೂದಿಲ್ಲಪಾ," ಎಂದು ಬಾಯವ್ವ ಹೊರಟಳು. ಬೋಟಿನಲ್ಲಿ ಒಂದು ಮಾತನ್ನೂ ಕೇಳದೆ ಬಿಟ್ಟಿರಲಿಲ್ಲ ಆಕೆ.

"ಕೌದಿ ಸುಟ್ಟುಬಿಡು ಅಂದಿದ್ಲು ಅವ್ವ. ನನ್ನ ಕೈಲೆ ಆಗಲಿಲ್ಲ," ಅಂದ ನಿಂಗರಾಜ.

"ಹೆಂಗದಾರ್ರಿ ಅವರು?"

"ಹ್ವಾದ ವರ್ಷ ತೀರಿಕೊಂಡ್ಲು."

"ನನ್ನ ಮ್ಯಾಲೆ ಸಿಟ್ಟು ಇಟ್ಕೊಂಡೇ ಹ್ವಾದ್ರೇನ್ರಿ?"

ಸುಳ್ಳು ಹೇಳಬಹುದಿತ್ತು. ಅವನಿಗಾಗಲಿಲ್ಲ. "ಹೂಂ."

ನಾಗರತ್ನಾ ಸೆರಗನ್ನು ಬಾಯಿಗೊತ್ತಿ ಅತ್ತಳು. ಆ ತಾಯಿಗೆ ಇನ್ನು ಯಾರು ಹೋಗಿ ಹೇಳಬೇಕು? ಎಲ್ಲಿಗೆ ಹೋಗಿ?

"ಒಮ್ಮೆ ಬಂದು ಕೇಳಬಾರದಿತ್ತೇನ್ರಿ..."

"ಕೇಳಿದ್ರ ನಿನ್ನ ಬಾಯಿಂದನೂ ಬ್ಯಾಡ ಅನ್ನೂದು ಕೇಳಬೇಕಾಗತಿತ್ತು. ಅದಕ್ಕ ಅಂಜಿದೆ."

ಮಳೆ ಹನಿಯತೊಡಗಿತು. "ರಾಮದುರ್ಗದವ್ರು ಕಾಯಾಕ ಹತ್ತಿರತಾರ," ಎಂದ, ತಲೆ ತಗ್ಗಿಸಿ.

"ಕಾಯಲಿ. ಮಾವನ ಮನಿಗೆ ನೀವೂ ಬರ್ರಿ. ಹಿರಿಯಾರ ಮುಂದ ಈ ಸಲ ಬಾಯಿ ಬಿಟ್ಟು ಕೇಳ್ರಿ."

"ಮೊದಲ ನಿನ್ನ ಕೇಳತೇನಿ." ಅವನು ತಲೆ ಎತ್ತಿದ. "ನನ್ನ ಮನಿಗೆ ಬರತೀಯೇನು, ನಾಗರತ್ನಾ?"

"ಇನ್ನೊಮ್ಮೆ ಕೇಳ್ರಿ."

"ಬರತೀಯೇನು?"

"...ಬರತೇನ್ರಿ."