ಬ್ಯಾಟರಿ ತೆಗೆದ ಫೋನು

ಫೋನ್ ರಿಪೇರಿ ಮಾಡುವವನು ಇಂಥದ್ದನ್ನು ಹೇಳಬಾರದೇನೋ, ಕ್ಷಮಿಸಿ. ತೀರಿಕೊಂಡ ಅಣ್ಣನ ಫೋನನ್ನು ಅತ್ತಿಗೆ ನನ್ನ ಅಂಗಡಿಗೆ ತಂದರು. ಅದರಲ್ಲಿ ರೆಕಾರ್ಡಾಗಿದ್ದ ಅವನ ದನಿ ಅವರಿಗೆ ಬೇಕಿತ್ತು. ಫೋನು ತೆಳ್ಳಗಿರಲೆಂದು ಬ್ಯಾಟರಿಯನ್ನು ಒಳಗೇ ಅಂಟಿಸಿರುತ್ತಾರೆ. ಉಬ್ಬಿದ್ದ ಅದನ್ನು ಬಿಡಿಸುವಷ್ಟರಲ್ಲಿ ಸಾಕುಸಾಕಾಯಿತು. ಬ್ಯಾಟರಿ ಮೇಜಿನ ಮೇಲೆ ತಣ್ಣಗೆ ಬಿದ್ದಿತ್ತು, ಫೋನು ಮಾತ್ರ ಬೆಚ್ಚಗಿತ್ತು. ನನ್ನ ಕೈಯೇ ಬಿಸಿಯಿರಬೇಕೆಂದು ಫೋನನ್ನು ಫ್ಯಾನಿನಡಿ ಇಟ್ಟು, ಒಂದು ಗಂಟೆ ಬಿಟ್ಟು ಮುಟ್ಟಿದೆ. ಅಷ್ಟೇ ಬೆಚ್ಚಗಿತ್ತು.

ಅತ್ತಿಗೆ ಅದನ್ನು ಕಿವಿಗಿಟ್ಟುಕೊಂಡು ನಕ್ಕರು. “ನಿಮ್ಮಣ್ಣ ಗಂಟೆಗಟ್ಟಲೆ ಹರಟಿ ಇಟ್ಟಾಗ ಹೀಗೇ ಇರ್ತಿತ್ತು ಕಣೋ.”

“ಹೊಸ ಬ್ಯಾಟರಿ ಹಾಕ್ಲಾ ಅತ್ತಿಗೆ? ದನಿ ಸಿಗುತ್ತೆ. ಈ ಬಿಸಿ ಉಳಿಯುತ್ತೋ ಇಲ್ವೋ ಗೊತ್ತಿಲ್ಲ.”

“ಹಾಗಾದ್ರೆ ಬೇಡ ಬಿಡು. ಇಷ್ಟು ವರ್ಷ ಅವರ ಮಾತು ಕೇಳಿದ್ದು ಸಾಕು.”

ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ನೆಮ್ಮದಿಯಾಗಿ ಮನೆಗೆ ಹೋದರು. ಎರಡು ವರ್ಷವಾಯಿತು, ಇನ್ನೂ ಬೆಚ್ಚಗಿದೆ. ಆ ಬಿಸಿ ಎಲ್ಲಿಂದ ಬರುತ್ತಿದೆಯೋ, ನನಗೆ ತಿಳಿಯದು.