ತಿರುಗಿಸಲು ಮರೆತ ಬಿಲ್ಲೆ

ಒದ್ದೆ ಕೂದಲಿಗೆ ಟವೆಲ್ ಸುತ್ತಿ, ಅರ್ಧ ತಿಂದ ಐಸ್ ಕ್ರೀಮ್ ಹಿಡಿದು ತೊವಾಕೊ ಸ್ಕೀ ಆಟದವರನ್ನು ಮೇಲಕ್ಕೊಯ್ಯುವ ಲಿಫ್ಟಿನ ಹತ್ತಿರ ಬಂದಾಗ, ಹತ್ತು ಜನ ಬೆಟ್ಟದ ಮೇಲೆ ಅವಳನ್ನು ಹಿಮದಡಿಯಲ್ಲಿ ಹುಡುಕುತ್ತಿದ್ದರು.

ಅವಳಿಗೆ ಅದು ಗೊತ್ತಿರಲಿಲ್ಲ. ಕಂಡದ್ದು ಇಷ್ಟೇ: ನಿಂತುಹೋದ ಲಿಫ್ಟು, ಅದರ ಮುಂದೆ ಸಪ್ಪೊರೊ ನಗರದಿಂದ ನಸುಕಿಗೇ ಹೊರಟು ಬಂದ ಗಿರಾಕಿಗಳ ಉದ್ದ ಸಾಲು, ಎಲ್ಲರ ಮುಖವೂ ಸಪ್ಪೆ.

"ಏನಾಯ್ತು ಮುರಾಯಿ ಅಜ್ಜಾ? ಯಾರಿಗಾದ್ರೂ ಏಟಾಯ್ತಾ?"

ಬೆಟ್ಟದ ರಕ್ಷಣಾ ತಂಡಕ್ಕೆಲ್ಲ ಹಿರಿಯರಾದ ಮುರಾಯಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ವಾಕಿಟಾಕಿ ಬಾಯಿಗೆ ಹಿಡಿದು, "ಎಲ್ಲರೂ ಇಳೀರಪ್ಪಾ. ಸಿಕ್ಕಿದಾಳೆ," ಎಂದರು. ಮತ್ತೆ ಸೇರಿಸಿದರು, "ಐಸ್ ಕ್ರೀಮ್ ತಿಂತಾ ಇದಾಳೆ."

ತೊವಾಕೊಳ ಕಣ್ಣು ತಾನಾಗಿ ಲಿಫ್ಟಿನ ಕೋಣೆಯ ಗೋಡೆಗೆ ಹೋಯಿತು. ಕೆಲಸದವರ ಹೆಸರು ಬರೆದ ಮರದ ಬಿಲ್ಲೆಗಳು ಅಲ್ಲಿ ಸಾಲಾಗಿ ತೂಗುತ್ತಿದ್ದವು. ಮೇಲೆ ಹೋಗುವಾಗ ಕೆಂಪು ಮುಖ ಹೊರಗೆ, ಇಳಿದು ಬಂದ ಮೇಲೆ ಕಪ್ಪು. ರಾತ್ರಿ ಹೊಸ ಹಿಮ ಬಿದ್ದರೆ, ಗಿರಾಕಿಗಳಿಗೆ ಲಿಫ್ಟು ತೆರೆಯುವ ಮುಂಚೆ ಕೆಲಸದವರಿಗೆ ಸ್ಕೀ ಕಟ್ಟಿ ಒಂದು ಸಲ ಜಾರಿ ಇಳಿಯುವ ಹಕ್ಕು. ಎಲ್ಲ ಬಿಲ್ಲೆಗಳೂ ಕಪ್ಪಾಗದೆ ಲಿಫ್ಟು ತೆರೆಯುವಂತಿಲ್ಲ.

ಒಂದೇ ಒಂದು ಬಿಲ್ಲೆ ಕೆಂಪಾಗಿತ್ತು. ಅದು ಅವಳದು.

ಐಸ್ ಕ್ರೀಮ್ ಕರಗಿ ಮುಂಗೈ ಮೇಲೆ ಇಳಿಯಿತು. ಒರೆಸಿಕೊಳ್ಳುವುದಕ್ಕೂ ನಾಚಿಕೆಯಾಯಿತು.

ಆ ಬೆಳಗ್ಗೆ ಅವಳಿಗೆ ರಜೆ. ಆದರೂ ಮೊಣಕಾಲು ಮೀರಿದ ಹಿಮ ಕಂಡು ಮನೆಯಲ್ಲಿ ಕೂರಲಾಗದೆ ಓಡಿ ಬಂದಿದ್ದಳು. ಮೇಲಿನಿಂದ ಮೊದಲ ತಿರುವು ತೆಗೆದುಕೊಂಡಾಗ ಕಾಲಡಿಯಲ್ಲಿ ನೆಲವೇ ಇರಲಿಲ್ಲ. ಪುಡಿಹಿಮ ಎದೆಯವರೆಗೆ ಎದ್ದು, ಮುಖಕ್ಕೆ ಮುತ್ತಿ, ಸದ್ದಿಲ್ಲದೆ ಹಿಂದಕ್ಕೆ ಹಾರಿತು. ಹತ್ತು ವರ್ಷದಿಂದ ಕ್ಯಾಂಟೀನಿನಲ್ಲಿ ಸೂಪ್ ಕುದಿಸುವ ಹೆಂಗಸು ಆ ಎರಡು ನಿಮಿಷ ಏನೂ ಭಾರವಿಲ್ಲದವಳಾಗಿದ್ದಳು.

ಮೂರನೆಯ ನಿಮಿಷಕ್ಕೆ ಬಿದ್ದಳು. ಎಡಗಾಲಿನ ಸ್ಕೀ ಕಳಚಿ ಎಲ್ಲೋ ಒಳಗೆ ಹೋಯಿತು. ಹೊಸ ಹಿಮದ ಗೋಳೇ ಇದು, ನುಂಗಿದ್ದನ್ನು ತೋರಿಸುವುದಿಲ್ಲ. ಒಂದು ಗಂಟೆ ಕೈಯಿಂದ ತಡಕಿದಳು. ಕನ್ನಡಕಕ್ಕೆ ಮಂಜು ಕಟ್ಟಿತು, ಎದ್ದು ನಿಂತರೆ ಸೊಂಟದವರೆಗೆ ಹೂತುಹೋಗುತ್ತಿದ್ದಳು. ಕೊನೆಗೆ ಉಳಿದ ಒಂದು ಸ್ಕೀಯನ್ನು ಬಯ್ದುಕೊಂಡು, ಭೂರ್ಜ ಮರಗಳ ನಡುವೆ ಇಳಿದು ರಸ್ತೆಗೆ ಬಂದಳು. ಎದುರಿಗೇ ಬಿಸಿನೀರ ಬುಗ್ಗೆಯ ಸ್ನಾನದ ಮನೆ. ಸ್ನಾನ ಮಾಡಿದಳು, ಚಾಪೆಯ ಮೇಲೆ ಹಾಯಾಗಿ ನಿದ್ದೆ ಹೋದಳು. ಫೋನು ಕಪಾಟಿನೊಳಗೆ ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಗಿತ್ತು.

ಈಗ ರಕ್ಷಣಾ ತಂಡದವರು ಒಬ್ಬೊಬ್ಬರಾಗಿ ಇಳಿದು ಬಂದರು. ಕೊನೆಗೆ ಬಂದವನು ಕೆಂಗೊ. ಬೇಸಿಗೆಯಲ್ಲಿ ಈರುಳ್ಳಿ ಬೆಳೆದು ಚಳಿಗಾಲದಲ್ಲಿ ಬೆಟ್ಟ ಕಾಯುವವನು, ಮಾತು ಕಡಿಮೆ. ಅವನ ಹುಬ್ಬಿನಲ್ಲಿ ಹಿಮ ಗಟ್ಟಿಯಾಗಿತ್ತು. ಕೈಗಳಲ್ಲಿ ಗವಸು ಇರಲಿಲ್ಲ.

ಅವನು ಅವಳ ಮುಖವನ್ನೇ ನೋಡಿದ. ಹಣೆ, ಕಣ್ಣು, ಗಲ್ಲ, ಒಂದೊಂದನ್ನೂ ಎಣಿಸಿಕೊಂಡಂತೆ. ಬೈಯಲಿ ಎಂದು ಅವಳು ತಲೆ ತಗ್ಗಿಸಿ ಕಾದಳು.

"ಕೂದಲು ಒಣಗಿಸ್ಕೊಳ್ಳಿ. ಶೀತ ಆಗುತ್ತೆ," ಎಂದು ಹೇಳಿ ಹೋಗಿಬಿಟ್ಟ.

ಲಿಫ್ಟು ತೆರೆಯುವಷ್ಟರಲ್ಲಿ ಬಿಸಿಲೇರಿ, ವರ್ಷಕ್ಕೊಮ್ಮೆ ಬೀಳುವಂಥ ಹಿಮ ಒದ್ದೆ ಹಿಟ್ಟಾಗಿತ್ತು.

ಮರುದಿನ ತೊವಾಕೊ ಸಿಹಿ ಹೂರಣದ ಬನ್ನಿನ ಹನ್ನೊಂದು ಪೆಟ್ಟಿಗೆ ಕಟ್ಟಿಸಿ, ಮನೆಮನೆಗೆ ಹೋಗಿ ಬಾಗಿಲಲ್ಲೇ ಸೊಂಟ ಬಗ್ಗಿಸಿ ಕ್ಷಮೆ ಕೇಳಿದಳು. ಯಾರೂ ಕಟುವಾಗಿ ಆಡಲಿಲ್ಲ. ಒಬ್ಬಾಕೆ ಚಹಾ ಕೊಟ್ಟು, ಕುಡಿದು ಮುಗಿಯುವವರೆಗೂ ಬರೀ ಬೆಕ್ಕಿನ ವಿಷಯ ಮಾತಾಡಿದಳು. ಆ ದಯೆಗೇ ಅವಳ ಮುಖ ಇನ್ನಷ್ಟು ಕೆಂಪಾಯಿತು.

ಹತ್ತನೆಯದು ಮುರಾಯಿ ಮನೆ.

"ಐಸ್ ಕ್ರೀಮ್ ತರಲಿಲ್ವಾ?" ಎಂದರು ಮುರಾಯಿ.

"ಅಜ್ಜಾ, ದಯವಿಟ್ಟು..."

"ಸರಿ ಸರಿ. ಒಂದು ಕೇಳ್ತೀನಿ. ಈ ಚಳಿಗಾಲದಲ್ಲಿ ಬಿಲ್ಲೆ ತಿರುಗಿಸೋದು ಎಷ್ಟು ಸಲ ಮರೆತಿದೀಯಾ?"

"ಇದೇ ಮೊದಲು."

"ಏಳು ಸಲ! ನಿನ್ನೆ ಅವನ ಬಾಯಿ ಬಿಡಿಸಿದೆ. ಏಳು ಸಲಾನೂ ಕೆಂಗೊ ತಿರುಗಿಸಿದಾನೆ. ಇನ್ನೊಬ್ಬರ ಬಿಲ್ಲೆ ಮುಟ್ಟಬಾರದು ಅನ್ನೋದು ಗೊತ್ತಿದ್ದೂ. ಅದಕ್ಕೆ ಮೊದಲು ಕ್ಯಾಂಟೀನಿನ ಕಿಟಕೀಲಿ ಇಣುಕಿ, ನೀನು ಒಳಗಿದೀಯಾ ಅಂತ ನೋಡ್ಕೊಂಡು ಬರ್ತಿದ್ದನಂತೆ."

ತೊವಾಕೊಗೆ ಎಲ್ಲ ನೆನಪಾಯಿತು. ಹಿಮ ಬಿದ್ದ ಬೆಳಗ್ಗೆಯೆಲ್ಲ ಅಡುಗೆಮನೆಯ ಕಿಟಕಿಯಲ್ಲಿ ಆ ತಲೆ. "ಇವತ್ತು ಸೂಪ್ ಏನು?" ದಿನವೂ ಅದೇ, ಹುದುಗಿಸಿದ ಸೋಯಾದ ಮಿಸೊ ಸೂಪು. "ನಿನ್ನೆಯದೇ! ಕಣ್ಣು ಕಾಣ್ಸಲ್ವಾ?" ಎಂದು ಅವಳು ಸೌಟು ತೋರಿಸಿ ಗದರುತ್ತಿದ್ದಳು. ಅವನು ಹೋದ ಮೇಲೆ ಸಹಾಯಕಿಯರೊಂದಿಗೆ ಸೇರಿ ಅವನ ಧ್ವನಿಯನ್ನು ಅಣಕಿಸಿ ನಕ್ಕದ್ದೂ ಉಂಟು.

ಹನ್ನೊಂದನೆಯ ಪೆಟ್ಟಿಗೆ ಹಿಡಿದು ಕೆಂಗೊ ಮನೆಯತ್ತ ನಡೆದಳು.

ಅವನು ಈರುಳ್ಳಿ ಕೊಟ್ಟಿಗೆಯಲ್ಲಿದ್ದ. ಬೆರಳುಗಳಿಗೆ ಬ್ಯಾಂಡೇಜು. ಮುಂದಿನ ಹಲಗೆಯ ಮೇಲೆ ಒಂಟಿ ಸ್ಕೀ, ಅವಳ ಎಡಗಾಲಿನದು. ಅದಕ್ಕೆ ಮೇಣ ತಿಕ್ಕುತ್ತಿದ್ದ.

"ಇದು... ಎಲ್ಲಿ ಸಿಕ್ತು?"

"ಹುಡುಕುವಾಗ ಹಿಮಕ್ಕೆ ಚುಚ್ಚಿ ನೋಡೋ ಕಡ್ಡಿಗೆ ತಾಗಿತು." ಅವನು ತಲೆಯೆತ್ತಲಿಲ್ಲ. "ಅದರ ಕೆಳಗೆ ನೀವಿದೀರಿ ಅಂದ್ಕೊಂಡೆ."

ಗವಸು ಯಾಕಿರಲಿಲ್ಲ ಎಂದು ಅವಳಿಗೆ ಈಗ ತಿಳಿಯಿತು. ಅವನು ಬರಿಗೈಯಲ್ಲಿ ಅಗೆದೇ ಅಗೆದಿದ್ದ. ಅವಳು ಆಗ ಚಾಪೆಯ ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದಳು.

"ನಿಮಗೆ ಮುಖ ತೋರಿಸೋ ಯೋಗ್ಯತೆ ನನಗಿಲ್ಲ," ಎಂದಳು.

"ತೋರಿಸದಿದ್ರೇನೇ ಕಷ್ಟ. ನಿನ್ನೆ ಕಿಟಕೀಲಿ ಕಾಣ್ಸಲಿಲ್ಲ, ಆಗಲೇ ಗಾಬರಿಯಾಯ್ತು." ಮೇಣದ ತುಂಡನ್ನು ಕೆಳಗಿಟ್ಟ. "ತಪ್ಪು ನಂದೂ ಇದೆ. ಪ್ರತೀ ಸಲ ನಾನು ತಿರುಗಿಸಿದ್ದಕ್ಕೇ ನಿಮಗೆ ಮರೆವು ಅಭ್ಯಾಸ ಆಯ್ತು. ಹೇಳಿಬಿಡಬಹುದಿತ್ತು. ಹೇಳಿದ್ರೆ, ಕಿಟಕಿಗೆ ಬರೋಕೆ ನೆಪ ಇರ್ತಿರಲಿಲ್ಲ."

ಹೊರಗೆ ಸೂರಿನಿಂದ ಹಿಮ ಜಾರಿ ಧೊಪ್ಪೆಂದಿತು. ಇಬ್ಬರೂ ಬೆಚ್ಚಿದರು. ಅವನ ಕಿವಿಗಳು ಕೆಂಪಾಗಿದ್ದವು.

"ಅಗೀತಾ ಒಂದೇ ಯೋಚನೆ ಬರ್ತಿತ್ತು," ಎಂದ. "ಮಾತಾಡೋಕೆ ಇಡೀ ಚಳಿಗಾಲ ಇತ್ತು. ನಾನು ಬರೀ ಸೂಪು ಕೇಳಿದೆ."

ತೊವಾಕೊ ಅಳುತ್ತಿದ್ದಳು. ಅಳುತ್ತಲೇ ಪೆಟ್ಟಿಗೆ ಬಿಚ್ಚಿದಳು. ಬ್ಯಾಂಡೇಜಿನ ಬೆರಳಿಗೆ ಕಷ್ಟವೆಂದು ಬನ್ನಿನ ಕಾಗದವನ್ನು ತಾನೇ ಸುಲಿದು ಅವನ ಕೈಗಿಟ್ಟಳು.

"ಈಗ ಬೇರೆ ಏನಾದ್ರೂ ಕೇಳಿ," ಎಂದಳು.

ಅವನು ಬನ್ನನ್ನೇ ನೋಡುತ್ತ ಕೇಳಿದ. "ಮುಂದಿನ ಹಿಮಕ್ಕೆ... ಜೊತೇಲಿ ಇಳಿಯೋಣ್ವಾ?"

ಆ ಹಿಮ ಒಂಬತ್ತು ದಿನಕ್ಕೆ ಬಿತ್ತು.

ಇಬ್ಬರೂ ಇಳಿದು ಬಂದಾಗ ಲಿಫ್ಟಿನ ಕೋಣೆಯಲ್ಲಿ ಎಲ್ಲರೂ ಸಾಲಾಗಿ ನಿಂತು ಅವಳನ್ನೇ ನೋಡುತ್ತಿದ್ದರು. ತೊವಾಕೊ ತಲೆ ತಗ್ಗಿಸಿಕೊಂಡೇ ಗೋಡೆಯ ಬಳಿ ಹೋಗಿ ತನ್ನ ಬಿಲ್ಲೆ ತಿರುಗಿಸಿದಳು. ಮುರಾಯಿ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ನಾಚಿಕೆಯಿಂದ ಅವಳ ಕತ್ತಿನವರೆಗೂ ಬಿಸಿಯೇರಿತು.

ಪಕ್ಕದಲ್ಲಿ ಕೆಂಗೊ ತನ್ನ ಬಿಲ್ಲೆ ತಿರುಗಿಸಿದ. ಯಾರಿಗೂ ಕೇಳದಷ್ಟು ಮೆಲ್ಲಗೆ, "ಇವತ್ತು ಸೂಪ್ ಏನು?" ಎಂದ.

"ನಿನ್ನೆಯದೇ," ಎಂದಳು ತೊವಾಕೊ. ಈ ಸಲ ಗದರಲಿಲ್ಲ. "ನಾಳೇನೂ ಅದೇ. ಕೇಳೋಕೆ ಬರ್ತೀರಲ್ವಾ?"