ಹತ್ತಿ ಲಾರಿ ಬರುವ ಓಣಿ

"ಏ ಅಯ್ಯಮ್ಮ, ಸರಿ ಈಕಡಿ. ಲಾರಿ ಬರಾಕತ್ತದ."

ಆಯಿ, ಅಂದರೆ ಅವಳ ಅಜ್ಜಿ, ಕಟ್ಟೆಯ ಮೇಲಿಂದ ಕೂಗಿದಳು. ಅಯ್ಯಮ್ಮನಿಗೆ ಕೇಳಿಸಲಿಲ್ಲ. ಅವಳು ಓಣಿಯ ನಡುವೆ ನಿಂತು ಮೇಲೆ ನೋಡುತ್ತಿದ್ದಳು. ಮುಂದೆ ಹೋದ ಲಾರಿಯಿಂದ ಉದುರಿದ ಹತ್ತಿ ಗಾಳಿಯಲ್ಲಿ ತೇಲುತ್ತಿತ್ತು. ಕೆಳಗೆ ಬೀಳಲು ಅದಕ್ಕೆ ಮನಸ್ಸೇ ಇಲ್ಲದಂತಿತ್ತು.

ಹಾರ್ನ್ ಕೂಗಿತು. ಆಯಿ ಎದ್ದು ಬಂದು ಅವಳ ರಟ್ಟೆ ಹಿಡಿದು ಎಳೆದಳು. ಲಾರಿ ಮನೆಯ ಮೆಟ್ಟಿಲನ್ನು ಸವರಿಕೊಂಡು ಹೋಯಿತು.

"ಐದನೇತ್ತ ಓದ್ತಿ. ಇನ್ನಾ ಹಾದ್ಯಾಗ ಕನಸು ಕಾಣ್ತೀಯಲ್ಲ," ಎಂದಳು ಆಯಿ. ಹಿಡಿದ ರಟ್ಟೆಯನ್ನು ಇನ್ನೂ ಬಿಟ್ಟಿರಲಿಲ್ಲ.

ಶಹಾಪುರದ ಆ ಓಣಿಗೆ ಮೊದಲು ಎತ್ತಿನ ಬಂಡಿ ಬಿಟ್ಟರೆ ದೊಡ್ಡದೇನೂ ಬರುತ್ತಿರಲಿಲ್ಲ. ಕಾಲುವೆ ನೀರು ಬಂತು, ಹೊಲಗಳಲ್ಲಿ ಹತ್ತಿ ಹೆಚ್ಚಾಯಿತು. ಹೋದ ವರ್ಷ ಶಾಂತಪ್ಪ ಸಾವುಕಾರರು ಓಣಿಯ ತುದಿಗೆ ಹತ್ತಿ ಮಿಲ್ಲು ಹಾಕಿದರು. ಆಮೇಲೆ ಬೆಳಗಿನಿಂದ ಸಂಜೆವರೆಗೆ ಲಾರಿಗಳೇ.

"ಹುಡುಗ್ರು ಹೊರಗ ಆಡಂಗಿಲ್ಲ, ಮುದುಕ್ರು ಕಟ್ಟಿಗಿ ಕೂಡಂಗಿಲ್ಲ. ಇದೇನು ಓಣಿನೋ, ಹೈವೇನೋ?" ಎಂದು ಅಯ್ಯಮ್ಮನ ಅಪ್ಪ ಖಂಡಪ್ಪ ದಿನಾ ಗೊಣಗುತ್ತಿದ್ದ.

ಆದರೆ ಅಯ್ಯಮ್ಮನಿಗೆ ಲಾರಿ ಎಂದರೆ ಒಳಗೊಳಗೇ ಇಷ್ಟ. ಮೋಡ ಹೊತ್ತುಕೊಂಡು ಆನೆಗಳು ಹೋಗುತ್ತಿವೆ ಎಂದು ಅವಳು ಅಂದುಕೊಳ್ಳುತ್ತಿದ್ದಳು.

ಒಂದು ಶನಿವಾರ ಮಧ್ಯಾಹ್ನ ಮಿಲ್ಲಿನ ಗೇಟಿನವರೆಗೂ ಲಾರಿಗಳು ಸಾಲುಗಟ್ಟಿದವು. ಒಂದು ಲಾರಿ ಅಯ್ಯಮ್ಮನ ಮನೆ ಮುಂದೆಯೇ ನಿಂತಿತು. ಡ್ರೈವರ್ ಅಬ್ದುಲ್ ಕರೀಮ ಇಂಜಿನ್ ಬಂದ್ ಮಾಡಿ, ಕೀಲಿ ಜೇಬಿಗೆ ಹಾಕಿಕೊಂಡು ಇಳಿದ.

"ಕುಡಿಯಾಕ ಒಂದೀಟು ನೀರು ಕೊಡ್ತೀ ಏನು ಬೇಟಿ?"

ಅಯ್ಯಮ್ಮ ತಂಬಿಗೆ ತಂದುಕೊಟ್ಟಳು. ಅವನು ಕುಡಿಯುವುದನ್ನೇ ನೋಡುತ್ತ ನಿಂತು, ಮೆಲ್ಲಗೆ ಕೇಳಿದಳು, "ಕಾಕಾ, ನಾ ಮ್ಯಾಲ ಕುಂತು ನೋಡ್ಲೇನ್ರಿ?"

"ಹತ್ತು. ಏನೂ ಮುಟ್ಟಬ್ಯಾಡ ಮತ್ತ."

ಸೀಟಿನ ಮೇಲೆ ಕೂತಾಗ ಅವಳಿಗೆ ಬೇರೆ ಊರಿಗೆ ಬಂದಂತಾಯಿತು. ಮಾಳಿಗೆಗಳ ಮೇಲೆ ಒಣಹಾಕಿದ ಮೆಣಸಿನಕಾಯಿ ಕೆಂಪಗೆ ಕಾಣುತ್ತಿತ್ತು. ಅದರಾಚೆ ಮಲಗಿದ ಬುದ್ಧನಂತೆ ಕಾಣುವ ಗುಡ್ಡದ ಹಣೆ, ಮೂಗು, ಎದೆ. ಮಿಲ್ಲಿನ ಹಿಂದೆ ಕಾಲುವೆ ಬಿಸಿಲಿಗೆ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಎಲ್ಲವೂ ಅರೆನಿದ್ದೆಯಲ್ಲಿದ್ದಂತಿತ್ತು. ಲಾರಿಯೂ ನೀರಿನ ಮೇಲೆ ತೇಲುತ್ತಿದೆ ಎನ್ನಿಸಿತು.

"ಅಯ್ಯಮ್ಮ, ಪಂಪ್ಯಾ ಎಲ್ಲಿ ಹೋದ?" ಒಳಗಿನಿಂದ ಆಯಿ ಕೇಳಿದಳು.

ಪಂಪ್ಯಾ ಅವಳ ತಮ್ಮ, ನಾಲ್ಕು ವರ್ಷದವನು. ಅಯ್ಯಮ್ಮ ಗಾಜಿನೊಳಗಿಂದ ನೋಡಿದಳು. ಮುಂದಿನ ಲಾರಿಯವರೆಗೆ ರಸ್ತೆ ಖಾಲಿ. ಎಡಕ್ಕೆ ಬಗ್ಗಿದಳು, ಬಲಕ್ಕೆ ಬಗ್ಗಿದಳು. ಎಲ್ಲೂ ಇಲ್ಲ.

"ಇಲ್ಲಿ ಇಲ್ಲ, ಆಯಿ," ಎನ್ನುತ್ತ ಇಳಿದಳು.

ಪಂಪ್ಯಾ ಲಾರಿಯ ಮುಂದೆಯೇ ಇದ್ದ. ಬಂಪರಿಗೆ ಬೆನ್ನು ಹಚ್ಚಿ ಕೂತು, ಬಿದ್ದ ಹತ್ತಿ ಆರಿಸಿ ಅಂಗಿಯಲ್ಲಿ ತುಂಬಿಕೊಳ್ಳುತ್ತಿದ್ದ.

ಅಯ್ಯಮ್ಮ ಮತ್ತೆ ಹತ್ತಿದಳು. ರಸ್ತೆ ಖಾಲಿ. ಇಳಿದಳು. ಪಂಪ್ಯಾ ಅಲ್ಲೇ ನಗುತ್ತಿದ್ದ. ಅವಳು ಅವನ ಕೈ ಹಿಡಿದು ಎಬ್ಬಿಸಿದಳು.

"ಕಾಕಾ, ನಿಮಗ ನಾವು ಕಾಣಂಗೇ ಇಲ್ಲೇನ್ರಿ?"

ಅಬ್ದುಲ್ ಕರೀಮ ತಂಬಿಗೆ ಕೆಳಗಿಟ್ಟ. "ಸಮೀಪ ಇದ್ರ ಕಾಣಂಗಿಲ್ಲ, ಬೇಟಿ. ಅದಕ್ಕ ಅಷ್ಟು ಹಾರ್ನ್ ಹೊಡೀತೀನಿ. ಮಂದಿ ಬೈತಾರ. ನನಗೂ ಈ ಓಣ್ಯಾಗ ಬರಾಕ ಜೀವ ಹೊಡ್ಕೋತದ."

ಸೋಮವಾರ ಲಾರಿ ತಡೆಯಲೆಂದು ಓಣಿಯವರು ರಸ್ತೆಗೆ ಅಡ್ಡ ಹೊರಸು, ಮಂಚ ಹಾಕಿ ಕೂತರು. ಮೊದಲು ಬಂದದ್ದು ಅಬ್ದುಲ್ ಕರೀಮನ ಲಾರಿಯೇ. ಸ್ವಲ್ಪ ಹೊತ್ತಿಗೆ ಸಾವುಕಾರರೂ ಬಂದರು.

"ನಿಧಾನ ಹೊಡೀರಿ ಅಂತ ಡ್ರೈವರಗಳಿಗೆ ಹೇಳೀನಲ್ಲ ಖಂಡಪ್ಪ. ನೋಡ್ಕೊಂಡು ಹೊಡೀತಾರ."

ದೊಡ್ಡವರ ಮಾತು ಬಿಸಿಯಾಯಿತು. ಅಯ್ಯಮ್ಮ ಮುಂದೆ ಬಂದಳು.

"ಸಾವುಕಾರ್ರಿ, ನೀವೊಂದು ಸಲ ಮ್ಯಾಲ ಕುಂತು ನೋಡ್ರಿ."

"ಇವಳ್ಯಾಕ ನಡುವ?" ಎಂದರು ಸಾವುಕಾರರು. ಅಬ್ದುಲ್ ಕರೀಮ ಲಾರಿಯ ಬಾಗಿಲು ತೆರೆದು ಹಿಡಿದ. ಎಲ್ಲರೂ ನೋಡುತ್ತಿದ್ದರು. ಸಾವುಕಾರರು ಧೋತರ ಎತ್ತಿ ಕಟ್ಟಿ ಹತ್ತಿದರು.

ಅಯ್ಯಮ್ಮ ಓಣಿಯ ಮಕ್ಕಳನ್ನೆಲ್ಲ ಬಂಪರಿನ ಮುಂದೆ ಸಾಲಾಗಿ ನಿಲ್ಲಿಸಿದಳು. "ಎಷ್ಟು ಮಂದಿ ಕಾಣ್ತೀವ್ರಿ?"

"ಯಾರೂ ಇಲ್ಲಲ್ಲ. ಎಲ್ಲಿದ್ದೀರಿ?"

"ಇಲ್ಲೇ ಅದೀವ್ರಿ. ಒಂಬತ್ತು ಮಂದಿ."

ಮಕ್ಕಳು ಒಂದೊಂದೇ ಹೆಜ್ಜೆ ಹಿಂದೆ ಸರಿದರು. ಮೊದಲು ಎತ್ತರದ ಹುಡುಗಿಯೊಬ್ಬಳ ರಿಬ್ಬನ್ ಕಂಡಿತು. ಆಮೇಲೆ ಹಣೆಗಳು, ಕಣ್ಣುಗಳು. ಕೊನೆಗೆ, ಬಹಳ ಹಿಂದೆ ಸರಿದ ಮೇಲೆ, ಪಂಪ್ಯಾನ ತಲೆ.

ಸಾವುಕಾರರು ತಟ್ಟನೆ ಇಳಿಯಲಿಲ್ಲ. ಇಳಿದ ಮೇಲೆ ಮಿಲ್ಲಿನ ಹಿಂದಿನ ಕಾಲುವೆಯತ್ತ ನೋಡಿದರು.

"ಮಿಲ್ಲಿಗೆ ಕಾಲುವಿ ದಂಡಿ ಕಡಿಂದ ಹಾದಿ ಅದ," ಎಂದರು ಕಡೆಗೆ. "ಗರಸು ಮಣ್ಣು ಹಾಕಿಸ್ಬೇಕು. ಆಗ್ತದ ಆಗ್ತದ ಅಂತ ಬಿಟ್ಟಿದ್ದೆ."

ಆ ಹಾದಿಯ ಕೆಲಸ ಮುಗಿಯಲು ಒಂದೂವರೆ ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಶಾಲೆ ಬಿಡುವ, ಕೂಡುವ ಹೊತ್ತಿಗೆ ಲಾರಿಗಳು ದೊಡ್ಡ ರಸ್ತೆಯಲ್ಲೇ ಕಾಯುತ್ತಿದ್ದವು. ಆಮೇಲೆ ಲಾರಿಗಳು ಕಾಲುವೆ ಹಾದಿ ಹಿಡಿದವು, ಓಣಿ ಮತ್ತೆ ಶಾಂತವಾಯಿತು. ಆಯಿ ಕಟ್ಟೆಯ ಮೇಲೆ ತೂಕಡಿಸತೊಡಗಿದಳು.

ಜೂನ್‌ನಲ್ಲಿ ಪಂಪ್ಯಾನನ್ನು ಅಂಗನವಾಡಿಗೆ ಬಿಡುವ ಕೆಲಸ ಅಯ್ಯಮ್ಮನಿಗೆ ಬಂತು. ಮೊದಲ ದಿನ ದೊಡ್ಡ ರಸ್ತೆಯಲ್ಲಿ ಸುರಪುರದ ಬಸ್ಸು ಮಂದಿ ಹತ್ತಿಸಿಕೊಳ್ಳಲು ನಿಂತಿತ್ತು.

"ಅಕ್ಕಾ, ಬಸ್ ನಿಂತದ. ನಡಿ," ಎಂದು ಪಂಪ್ಯಾ ಕೈ ಜಗ್ಗಿದ.

ಅಯ್ಯಮ್ಮ ಹೋಗಲಿಲ್ಲ. ಅವನ ಕೈ ಬಿಗಿ ಹಿಡಿದು ಹಿಂದೆ ಸರಿದಳು. ಇನ್ನೂ ಸ್ವಲ್ಪ ಸರಿದಳು. ಗಾಜಿನ ಹಿಂದೆ ಡ್ರೈವರನ ಕಣ್ಣು ಹುಡುಕಿದಳು. ಅವನು ಅವಳನ್ನು ನೋಡಿ, ದಾಟು ಎಂದು ಕೈ ಮಾಡಿದ.

ಆಗ ದಾಟಿದಳು.